ಕರಿಮಚ್ಚೆಯ ಹಲವು ವೇಷಗಳು

ಮೈಮೇಲೆ ಒಂದಾದರೂ ಮಚ್ಚೆಯಿಲ್ಲದವರು ನಮ್ಮಲ್ಲಿ ವಿರಳ. ಚರ್ಮಕ್ಕೆ ಬಣ್ಣವನ್ನೀಯುವ ಮೆಲನಿನ್ ಎಂಬ ದ್ರವ್ಯವನ್ನು ತಯಾರಿಸುವ ಜೀವಕೋಶಗಳಿಗೆ ಮೆಲನೊಸೈಟುಗಳೆಂದು ಹೆಸರು. ಇವು ಮಿತವಾಗಿ ಗುಂಪುಗೂಡಿದರೆ ನಿರುಪದ್ರವಿಯಾದ ಮಚ್ಚೆಯಾಗುವುದು. ಅಂಕೆ ತಪ್ಪಿ ಬೆಳೆದರೆ ಮೆಲನೋಮ ಎಂಬ ಉಗ್ರವಾದ ಕ್ಯಾನ್ಸರ್ ಆಗುವುದು. ಇವೆರಡನ್ನು ಬೇರ್ಪಡಿಸುವ ಹೊಣೆ ಸೂಕ್ಷ್ಮದರ್ಶಕದ ಮುಂದೆ ಕುಳಿತ ತಜ್ಞರದು. ಅವರು ಕಾಣುವುದೇನು?

ಶಸ್ತ್ರವೈದ್ಯರು ಕಳುಹಿಸಿದ ಚರ್ಮದ ತುಣುಕನ್ನು ಮೇಣದಲ್ಲಿ ಹುದುಗಿಸಿ, ಸುಮಾರು 4 ಮೈಕ್ರಾನ್ ದಪ್ಪದ ಪದರಗಳಾಗಿ ಸೀಳಿ, ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಎಂಬ ಬಣ್ಣಗಳನ್ನು ಹಾಕುವರು. ಆಗ ಕೋಶಕೇಂದ್ರಗಳು ನೀಲಿಯಾಗಿಯೂ ಉಳಿದ ಭಾಗವು ನಸುಗೆಂಪಾಗಿಯೂ ತೋರುವುವು.

ಮೊದಲು ಒಟ್ಟು ರೂಪವನ್ನು ನೋಡೋಣ. ಸಾಧಾರಣ ಮಚ್ಚೆಯ ಎಡಬಲಗಳು ಸರಿಸುಮಾರು ಸಮನಾಗಿರುವುವು. ಆಳಕ್ಕಿಳಿದಂತೆಲ್ಲ ಅದರ ಕೋಶಗಳು ಕಿರಿದಾಗುವುವು. ಮೆಲನೋಮದಲ್ಲಾದರೋ ಈ ಸಮತೆ ಸಾಮಾನ್ಯವಾಗಿ ಕೆಡುವುದು. ಆಳದಲ್ಲಿಯೂ ಕೋಶಗಳು ದೊಡ್ಡವಾಗಿಯೇ ಉಳಿದು ವಿಭಜನೆ ಹೊಂದುತ್ತಿರುವುವು. ಹೊರಚರ್ಮದ ತಳದಲ್ಲಿರಬೇಕಾದವು ಒಂಟೊಂಟಿಯಾಗಿ ಮೇಲಣ ಪದರಗಳಿಗೆ ಹತ್ತಿರುವುವು.

ಇಷ್ಟೇ ಆಗಿದ್ದರೆ ರೋಗನಿರ್ಣಯ ಸುಲಭವಾಗುತ್ತಿತ್ತು. ಆದರೆ ಈ ರೋಗ ಬಹುರೂಪಿ. ಅದರ ಕೋಶಗಳು ಒಮ್ಮೆ ದುಂಡಗೆ, ಒಮ್ಮೆ ಕದಿರಿನಂತೆ ನೀಳವಾಗಿ, ಮತ್ತೊಮ್ಮೆ ಸಾಧಾರಣ ಮಚ್ಚೆಯ ಕೋಶಗಳಂತೆಯೇ ಸಣ್ಣಗೆ ತೋರುವುವು. ಕೆಲವಲ್ಲಿ ಬಣ್ಣವೇ ಇರದು. ಇನ್ನೊಂದು ಬಗೆಯಲ್ಲಿ ನೀಳ ಕೋಶಗಳು ನಾರಿನ ನಡುವೆ ಅಡಗಿ, ಮಾಯ್ದ ಗಾಯದ ಕಲೆಯನ್ನು ಹೋಲುವುವು.

ಇದಕ್ಕೆ ವಿರುದ್ಧವಾದ ತಪ್ಪೂ ಸಂಭವಿಸಬಹುದು. 1948ರಲ್ಲಿ ಅಮೆರಿಕದ ಸೋಫೀ ಸ್ಪಿಟ್ಸ್ ಎಂಬ ವೈದ್ಯೆ ಮಕ್ಕಳ ಮೆಲನೋಮಗಳನ್ನು ವರ್ಣಿಸಿದರು. ನೋಟಕ್ಕೆ ಭಯಂಕರವಾಗಿದ್ದರೂ ಬಹುಪಾಲು ಮಕ್ಕಳು ಚೆನ್ನಾಗಿಯೇ ಬಾಳಿದರು! ಅಂಥವು ಬಹುಮಟ್ಟಿಗೆ ನಿರುಪದ್ರವಿ ಮಚ್ಚೆಗಳೆಂದು ಮುಂದೆ ತಿಳಿಯಿತು. ಇಂದು ಅವುಗಳಿಗೆ ಆಕೆಯ ಹೆಸರೇ ಇದೆ. ಒಂದು ತಪ್ಪಿನಿಂದ ರೋಗ ಹಬ್ಬುವುದು. ಇನ್ನೊಂದರಿಂದ ಆರೋಗ್ಯವಂತ ಮಗುವು ಅನಗತ್ಯ ಶಸ್ತ್ರಕ್ರಿಯೆಗೆ ಗುರಿಯಾಗುವುದು.

ಸಂದೇಹವುಳ್ಳೆಡೆ ನಿರ್ದಿಷ್ಟ ಪ್ರೋಟೀನುಗಳಿಗೆ ಅಂಟುವ ಪ್ರತಿಕಾಯಗಳು ನೆರವಾಗುವುವು. ಮೆಲನ್-ಎ ಎಂಬ ಪ್ರೋಟೀನನ್ನು ತೋರಿಸುವ ಪರೀಕ್ಷೆ ಅಂಥದೊಂದು. ಆದರೆ ಅದು ಸಾಧಾರಣ ಮಚ್ಚೆಯಲ್ಲಿಯೂ ಬಣ್ಣ ತೋರುವುದು. ಕಲೆಯಂತಿರುವ ಬಗೆಯಲ್ಲಿ ಹಲವು ವೇಳೆ ತೋರದು. ಅಲ್ಲಿ ಎಸ್-100 ಮತ್ತು ಸಾಕ್ಸ್-10 ಎಂಬವನ್ನು ಹುಡುಕಬೇಕು. ಆದುದರಿಂದ ಯಾವ ಒಂದು ಗುರುತೂ ತಾನೇ ತೀರ್ಪಾಗಲಾರದು. ಎಲ್ಲವನ್ನೂ ಕೂಡಿಸಿ ತೂಗಬೇಕು.

ರೋಗವು ಖಚಿತವಾದ ಮೇಲೆ ಅಳತೆಯ ಸರದಿ. ಗಡ್ಡೆಯ ದಪ್ಪವೇ ಮುಂದಿನ ಗತಿಯನ್ನು ಸೂಚಿಸುವ ಮುಖ್ಯ ಲಕ್ಷಣಗಳಲ್ಲೊಂದೆಂದು ಅಲೆಕ್ಸಾಂಡರ್ ಬ್ರೆಸ್ಲೊ 1970ರಲ್ಲಿ ತೋರಿಸಿದರು. 1 ಮಿಲಿಮೀಟರಿಗಿಂತ ತೆಳುವಾಗಿರುವಾಗಲೇ ತೆಗೆದರೆ ಬಹುಮಂದಿ ಗುಣಹೊಂದುವರು.

ಕಪ್ಪು ಮೈಬಣ್ಣದವರಲ್ಲಿ ಈ ರೋಗ ಅಪರೂಪ. ಬಂದಾಗ ಅದು ಹೆಚ್ಚಾಗಿ ಅಂಗಾಲು, ಅಂಗೈ ಅಥವಾ ಉಗುರಿನ ಅಡಿಯಲ್ಲಿ ತೋರುವುದು. ಅಲ್ಲಿ ಹೊಸದಾಗಿ ಮೂಡಿ ಬೆಳೆಯುವ ಕಲೆಯನ್ನು ಮುಳ್ಳು ಚುಚ್ಚಿದ ಗುರುತೆಂದು ಕಡೆಗಣಿಸದೆ ವೈದ್ಯರಿಗೆ ತೋರಿಸುವುದು ಲೇಸು. ಆ ಒಂದು ಮಿಲಿಮೀಟರಿನ ಒಳಗೇ ನಾವು ಎಚ್ಚರಗೊಳ್ಳಬೇಕು.