ಹಳೇ ಕಂಪ್ಯೂಟರಿನ ಪ್ರಿಫೆಚ್, ಸಿಸ್‌ಮೇನ್: ಮಾಡಬೇಕಾದ್ದು, ಮಾಡಬಾರದ್ದು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕೊಬ್ಬರಿ ಮಂಡಿ, ಸೊಸೈಟಿ, ಶಾಲೆ, ಜೆರಾಕ್ಸ್ ಅಂಗಡಿಗಳಲ್ಲಿ ಹಳೇ ಕಂಪ್ಯೂಟರಿನ ಮುಂದೆ ಕೂರುವ ಎಲ್ಲರ ಗಮನಕ್ಕೆ.

2024ರ ಆರಂಭದಲ್ಲಿ ಕೊಬ್ಬರಿ ಖರೀದಿಯ ನೋಂದಣಿಗೆ ನಮ್ಮ ರೈತರು ರಾತ್ರಿಯೆಲ್ಲ ಸಾಲು ನಿಂತರು. ಆಗ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ. ಅಂಥ ಸಾಲಿನ ಎದುರು ಕಂಪ್ಯೂಟರ್ ತೆರೆದುಕೊಳ್ಳಲು ಹೆಣಗಾಡಿದರೆ ನೋಯುವುದು ಬಿಸಿಲಲ್ಲಿ ನಿಂತವನ ಕಾಲು. ಆದ್ದರಿಂದ ಈ ಸೂಚನೆಯನ್ನು ಸಲಹೆ ಎಂದು ಓದಬೇಡಿ, ಪಾಲಿಸಿ.

ಮೊದಲು ವಿಷಯ ತಿಳಿಯಿರಿ. ಸುಲಿಯುವವರು ಬರುವ ಮೊದಲೇ ಅಟ್ಟದಿಂದ ಕಾಯಿ ಇಳಿಸಿ ಅಂಗಳದಲ್ಲಿ ರಾಶಿ ಹಾಕಿಡುತ್ತೀರಲ್ಲ, ವಿಂಡೋಸ್ ಮಾಡುವುದೂ ಅದನ್ನೇ. 2001ರ ಎಕ್ಸ್‌ಪಿಯಲ್ಲಿ ಬಂದ ಪ್ರಿಫೆಚರ್, ಪ್ರತಿ ತಂತ್ರಾಂಶ ತೆರೆಯುವಾಗ ಮೊದಲ 10 ಸೆಕೆಂಡು ಯಾವ ಯಾವ ಕಡತ ಬೇಕಾಯಿತು ಎಂದು ಬರೆದಿಟ್ಟುಕೊಂಡು, ಮುಂದಿನ ಸಲ ಅವನ್ನು ಒಟ್ಟಿಗೇ ಓದಿಕೊಳ್ಳುತ್ತದೆ. ವಿಸ್ಟಾದಲ್ಲಿ ಸೇರಿದ ಸೂಪರ್‌ಫೆಚ್ ಇನ್ನೂ ಮುಂದೆ ಹೋಯಿತು. ನೀವು ಯಾವ ಹೊತ್ತಿನಲ್ಲಿ ಟ್ಯಾಲಿ ತೆರೆಯುತ್ತೀರಿ, ಯಾವಾಗ ನುಡಿ ತೆರೆಯುತ್ತೀರಿ ಎಂಬುದನ್ನು ಕಲಿತು, ಖಾಲಿ ಬಿದ್ದ ರ‍್ಯಾಮ್‌ಗೆ ಮೊದಲೇ ತುಂಬಿಡುತ್ತದೆ. ವಿಂಡೋಸ್ 10ರಲ್ಲಿ 2018ರ ಕೊನೆಯಿಂದ ಇದರ ಹೆಸರು ಸಿಸ್‌ಮೇನ್.

ಮಾಡಬಾರದ್ದು

ಪ್ರಿಫೆಚರ್ ಬರೆದಿಟ್ಟುಕೊಂಡದ್ದು ಇರುವ ಪ್ರಿಫೆಚ್ ಫೋಲ್ಡರ್ ಅಳಿಸಬಾರದು. ನಮ್ಮ ಕಡೆ ರಿಪೇರಿಗೆ ಬಂದವರು ಮೊದಲು ಮಾಡುವ ಕೆಲಸವೇ ಇದು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಅದು ಕಸವಲ್ಲ. ಎಕ್ಸ್‌ಪಿಯಿಂದ ವಿಂಡೋಸ್ 7ರವರೆಗೆ ಅಲ್ಲಿ 128 ದಾಖಲೆ, 8ರಿಂದ ಮುಂದೆ 1024. ಆ ಮಿತಿ ಮುಟ್ಟಿದರೆ ಹಳೆಯದನ್ನು ವಿಂಡೋಸ್ ತಾನೇ ತೆಗೆಯುತ್ತದೆ. ನೀವು ಅಳಿಸಿದರೆ ಅದು ಕಲಿತದ್ದೆಲ್ಲ ಹೋಗಿ, ಮರುದಿನ ಬೆಳಿಗ್ಗೆ ಕಂಪ್ಯೂಟರ್ ಇನ್ನಷ್ಟು ನಿಧಾನವಾಗಿ ಏಳುತ್ತದೆ.

ರಿಜಿಸ್ಟ್ರಿಯಲ್ಲಿ ‘ಎನೇಬಲ್‌ಪ್ರಿಫೆಚರ್’ ಎಂಬುದಕ್ಕೆ 5, 6 ಎಂದು ಬರೆದರೆ ವೇಗ ಹೆಚ್ಚುತ್ತದೆ ಎಂಬುದು ಸುಳ್ಳು. ಅಲ್ಲಿರುವುದು ನಾಲ್ಕೇ ಬೆಲೆ: 0 ಎಂದರೆ ಬಂದ್, 1 ತಂತ್ರಾಂಶಗಳಿಗೆ ಮಾತ್ರ, 2 ಬೂಟ್‌ಗೆ ಮಾತ್ರ, 3 ಎರಡಕ್ಕೂ. ಮೊದಲಿಂದಲೇ 3 ಇರುತ್ತದೆ, ಇರಲಿ.

ರ‍್ಯಾಮ್ ಖಾಲಿ ಮಾಡುವ ‘ಕ್ಲೀನರ್’ ತಂತ್ರಾಂಶ ಹಾಕಬಾರದು. ಮೊದಲೇ ತುಂಬಿಟ್ಟ ರ‍್ಯಾಮನ್ನು ಬೇರೆ ಕೆಲಸಕ್ಕೆ ಬೇಕಾದ ಕೂಡಲೇ ವಿಂಡೋಸ್ ಬಿಟ್ಟುಕೊಡುತ್ತದೆ. ಅದನ್ನು ಖಾಲಿ ಮಾಡಿಸಿದರೆ ಮತ್ತೆ ಡಿಸ್ಕಿನಿಂದ ಓದುವ ಕೆಲಸ ಹೆಚ್ಚುತ್ತದೆ, ಅಷ್ಟೇ.

ಟೆಂಡರ್ ದಿನ, ತಿಂಗಳ ಕೊನೆ, ನೋಂದಣಿ ನಡೆಯುವಾಗ ಯಾವ ಸೆಟ್ಟಿಂಗನ್ನೂ ಮುಟ್ಟಬಾರದು. ಯುಪಿಎಸ್ ಇಲ್ಲದ ಯಂತ್ರದಲ್ಲಿ ಡಿಫ್ರಾಗ್ ಶುರು ಮಾಡಬಾರದು. ತ್ರೀ ಫೇಸ್ ಬಂದು ಸುತ್ತಲ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದಾಗ ವೋಲ್ಟೇಜ್ ಹೇಗೆ ಕುಸಿಯುತ್ತದೆಂದು ನಿಮಗೆ ಗೊತ್ತು. ಎಸ್‌ಎಸ್‌ಡಿಗಂತೂ ಡಿಫ್ರಾಗ್ ಬೇಡವೇ ಬೇಡ.

ಮಾಡಬೇಕಾದ್ದು

ಬೆಳಿಗ್ಗೆ ಕಂಪ್ಯೂಟರ್ ಹಾಕಿದ ಮೇಲೆ ಹತ್ತು ನಿಮಿಷ ಬಿಡಿ. ಆಗ ಡಿಸ್ಕ್ ಶೇ. 100 ತೋರಿಸಿದರೆ ಅದು ರೋಗವಲ್ಲ. ಅಂಗಡಿ ಗುಡಿಸಿ ದೀಪ ಹಚ್ಚುವ ಮೊದಲು ಸ್ವಿಚ್ ಒತ್ತಿ, ದೀಪ ಹಚ್ಚಿದ ಮೇಲೆ ಕೂರಿ.

ಅರ್ಧ ಗಂಟೆಯಾದರೂ ಡಿಸ್ಕ್ ಇಳಿಯದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಡಿಸ್ಕ್ ಕಾಲಮ್ಮಿನ ಮೇಲೆ ಕ್ಲಿಕ್ ಮಾಡಿ, ಮೇಲಕ್ಕೆ ಬಂದ ಹೆಸರು ಓದಿ. ಆಂಟಿವೈರಸ್ ಇರಬಹುದು, ವಿಂಡೋಸ್ ಅಪ್‌ಡೇಟ್ ಇರಬಹುದು. ಅವುಗಳ ತಪ್ಪಿಗೆ ಸಿಸ್‌ಮೇನ್ ನಿಲ್ಲಿಸಿ ಪ್ರಯೋಜನವಿಲ್ಲ. ಅದೇ ಪುಟದ ಸ್ಟಾರ್ಟಪ್ ವಿಭಾಗದಲ್ಲಿ ಬೇಡದ್ದನ್ನೆಲ್ಲ ಡಿಸೇಬಲ್ ಮಾಡಿ. ಹಳೇ ಯಂತ್ರಕ್ಕೆ ಪ್ರಿಫೆಚ್‌ಗಿಂತ ಇದರಿಂದ ಹೆಚ್ಚು ಲಾಭ.

ಪದೇ ಪದೇ ಸಿಸ್‌ಮೇನ್ ಹೆಸರೇ ಮೇಲೆ ಬರುತ್ತಿದ್ದರೆ ಮಾತ್ರ ಅದನ್ನು ನಿಲ್ಲಿಸಿ ನೋಡಿ. ಮೊದಲು ರಿಸ್ಟೋರ್ ಪಾಯಿಂಟ್ ಮಾಡಿಟ್ಟುಕೊಳ್ಳಿ. ಸರ್ವಿಸಸ್ ತೆರೆದು, ಸಿಸ್‌ಮೇನ್ ಹುಡುಕಿ, ಸ್ಟಾಪ್ ಒತ್ತಿ, ಸ್ಟಾರ್ಟಪ್ ಟೈಪ್ ಅನ್ನು ಡಿಸೇಬಲ್ಡ್ ಮಾಡಿ. ಆಮೇಲೆ ಶಟ್‌ಡೌನ್ ಅಲ್ಲ, ರಿಸ್ಟಾರ್ಟ್ ಕೊಡಿ. ಫಾಸ್ಟ್ ಸ್ಟಾರ್ಟಪ್ ಇರುವ ಯಂತ್ರ ಶಟ್‌ಡೌನ್‌ನಲ್ಲಿ ಪೂರ್ತಿ ಮಲಗುವುದಿಲ್ಲ. ಒಂದು ವಾರ ಬಳಸಿ. ಟ್ಯಾಲಿ, ಬ್ರೌಸರ್ ತೆರೆಯುವುದು ನಿಧಾನವಾಯಿತು ಅನ್ನಿಸಿದರೆ ಮತ್ತೆ ಆಟೋಮ್ಯಾಟಿಕ್‌ಗೆ ತನ್ನಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ದಿನಾಂಕ ಹಾಕಿ ರೋಜು ಪುಸ್ತಕದ ಹಿಂದೆ ಬರೆದಿಡಿ. ಮುಂದೆ ರಿಪೇರಿಗೆ ಬರುವವರಿಗೆ ಅದು ಬೇಕಾಗುತ್ತದೆ.

ಶಾಲೆಯ ಲ್ಯಾಬಿನಲ್ಲಿ ಉಬುಂಟು ಇದ್ದರೆ ‘ಪ್ರಿಲೋಡ್’ ಎಂಬ ಇಂಥದೇ ತಂತ್ರಾಂಶವಿದೆ. ರ‍್ಯಾಮ್ 1 ಜಿಬಿ ಇರುವ ಯಂತ್ರಕ್ಕೆ ಅದನ್ನು ಹಾಕಬೇಡಿ, ಮುಂಚಿತವಾಗಿ ತುಂಬಿಡಲು ಅಲ್ಲಿ ಜಾಗವೇ ಇಲ್ಲ.

ಇಷ್ಟೆಲ್ಲ ಮಾಡಿಯೂ ಸಾಲದಿದ್ದರೆ ದುಡ್ಡು ಹಾಕಬೇಕಾದ್ದು ಎಸ್‌ಎಸ್‌ಡಿಗೆ. ತಿರುಗುವ ಹಾರ್ಡ್ ಡಿಸ್ಕಿನ ಮುಳ್ಳು ಒಂದೆಡೆಯಿಂದ ಇನ್ನೊಂದೆಡೆ ಹೋಗಲು ಸುಮಾರು 10 ಮಿಲಿಸೆಕೆಂಡು ಬೇಕು. ಪ್ರಿಫೆಚ್ ಹುಟ್ಟಿದ್ದೇ ಆ ಓಡಾಟ ಉಳಿಸಲು. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ಹಾಕಿಸುವ ದಿನ ಟ್ಯಾಲಿಯ ಡೇಟಾ, ನುಡಿಯಲ್ಲಿ ಬರೆದ ಕಡತಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ, ಆ ಪೆನ್‌ಡ್ರೈವ್ ಬೇರೊಂದು ಕಂಪ್ಯೂಟರಿನಲ್ಲಿ ತೆರೆಯುತ್ತದೆಯೇ ನೋಡಿದ ಮೇಲೆಯೇ ಹಳೇ ಡಿಸ್ಕ್ ಬಿಚ್ಚಲು ಬಿಡಿ.