ಆರೈಕೆಯ ವೃತ್ತಿಗೆ ಯುವಜನರನ್ನು ಕರೆಯಲು ಊರಿನ ಮಾಧ್ಯಮ: ಕಲಿತ ಏಳು ಪಾಠಗಳು

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದಾರೆ. ಅವರ ಜೊತೆ ದುಡಿಯುವ ತರಬೇತಿ ಪಡೆದ ಕೈಗಳು ಮಾತ್ರ ತೀರಾ ಕಡಿಮೆ. ಆಶಾ ಕಾರ್ಯಕರ್ತೆ ಏನು ಮಾಡುತ್ತಾರೆಂದು ಹಳ್ಳಿಯ ಮಕ್ಕಳಿಗೂ ಗೊತ್ತು. ಆದರೆ ಅದೇ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಕೆಲಸವೇನೆಂದು ಕೇಳಿದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಈ ಕೊರತೆ ತುಂಬಲು ಪತ್ರಿಕೆ, ಬಾನುಲಿ, ಕೇಬಲ್ ವಾಹಿನಿಗಳ ಜೊತೆ ಕೆಲಸ ಮಾಡುತ್ತಾ ಕಲಿತದ್ದು ಇಷ್ಟು.

1. ಕನಿಕರ ಬೇಡ, ಕೌಶಲ ತೋರಿಸಿ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಗಂಜಿ ಕುಡಿಸುವುದನ್ನು ತಾಯಿಗೆ ಹೇಳಿಕೊಡುವುದೇ ಒಂದು ವಿದ್ಯೆ. ಬೆನ್ನು ನೆಟ್ಟಗಿರಬೇಕು, ತಲೆ ಹಿಂದಕ್ಕೆ ವಾಲಬಾರದು, ಗದ್ದಕ್ಕೆ ಬೆರಳಿನ ಆಸರೆ ಬೇಕು, ಒಂದು ಚಮಚ ನುಂಗಿದ ಮೇಲೆಯೇ ಇನ್ನೊಂದು. ಇಷ್ಟನ್ನು ಚಿತ್ರ ಸಮೇತ ಬರೆದರೆ, ಓದಿದ ಹುಡುಗಿಗೆ ‘ಇದನ್ನು ನಾನೂ ಕಲಿಯಬಹುದು’ ಅನ್ನಿಸುತ್ತದೆ. ಕಣ್ಣೀರಿನ ಕಥೆ ಓದಿದವರು ಅಯ್ಯೋ ಪಾಪ ಎಂದು ಪುಟ ತಿರುಗಿಸುತ್ತಾರೆ.

2. ದಾರಿಯನ್ನು ಪೂರ್ತಿ ಹೇಳಿ. ‘ಈ ಕ್ಷೇತ್ರದಲ್ಲಿ ಅವಕಾಶಗಳಿವೆ’ ಎಂದರೆ ಸಾಲದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪಿಯುಸಿ ವಿಜ್ಞಾನ ಓದಿದವರಿಗೆ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷದ ಪದವಿಯಿದೆ. ಭಾರತೀಯ ಪುನರ್ವಸತಿ ಪರಿಷತ್ತು 2021ರಲ್ಲಿ ಸಮುದಾಯ ಆಧಾರಿತ ಕೆಲಸಕ್ಕೆಂದು ಆರು ತಿಂಗಳ ಕೋರ್ಸ್ ಆರಂಭಿಸಿತು. ಕೋರ್ಸಿಗೆ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ನೋಡಿ ಸೇರಬೇಕೆಂಬ ಎಚ್ಚರಿಕೆಯನ್ನೂ ಕೊಡಿ.

3. ಸಂಬಳದ ಮಾತನ್ನು ಮುಚ್ಚಿಡಬೇಡಿ. ಎಲ್ಲಿ ಗೌರವಧನ, ಎಲ್ಲಿ ಸಂಬಳ, ಎಲ್ಲಿ ಗುತ್ತಿಗೆ ಎಂಬುದನ್ನು ನೇರವಾಗಿ ಹೇಳಿ. ಬರೀ ಪುಣ್ಯದ ಕೆಲಸವೆಂದು ಹೊಗಳಿದರೆ ಮನೆಯವರು ಮಕ್ಕಳನ್ನು ಕಳಿಸುವುದಿಲ್ಲ.

4. ಮೈಕನ್ನು ವಿಕಲಚೇತನರ ಕೈಗೆ ಕೊಡಿ. ಪಂಚಾಯಿತಿಗಳ ಪುನರ್ವಸತಿ ಕಾರ್ಯಕರ್ತರು ಸ್ವತಃ ವಿಕಲಚೇತನರು. ಅಂಥವರು ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡಿನ ಅರ್ಜಿ ತುಂಬಿಸಿದ್ದು, ಮಗುವನ್ನು ಶಾಲೆಗೆ ಸೇರಿಸಿದ್ದು ಹೇಳಿದಾಗ ಕೇಳುಗರು ಅವರನ್ನು ಫಲಾನುಭವಿಯೆಂದಲ್ಲ, ವೃತ್ತಿಪರರೆಂದು ಕಾಣುತ್ತಾರೆ.

5. ಯಾರಿಗೆ ಯಾವ ಮಾಧ್ಯಮ ಎಂದು ಯೋಚಿಸಿ. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’, ಸ್ವಯಂಸೇವಾ ಸಂಸ್ಥೆಗಳಿಗೆ 2006ರಲ್ಲಿ ಸಮುದಾಯ ಬಾನುಲಿಯ ಬಾಗಿಲು ತೆರೆಯುವ ಮೊದಲೇ, ಕೇಬಲ್ ತಂತಿಯ ಮೂಲಕ ಮನೆಮನೆಗೆ ಕಾರ್ಯಕ್ರಮ ತಲುಪಿಸಿತ್ತು. ಅಡುಗೆಮನೆಯಲ್ಲಿರುವ ತಾಯಿಗೆ ಬಾನುಲಿ, ಕಾಲೇಜಿನ ಹುಡುಗರಿಗೆ ಮೊಬೈಲಿನ ಪುಟ್ಟ ವಿಡಿಯೊ. ವಿಡಿಯೊದಲ್ಲಿ ಕನ್ನಡ ಅಡಿಬರಹ, ಸಂಜ್ಞಾಭಾಷೆ ಇರಲೇಬೇಕು.

6. ಡಿಸೆಂಬರ್ 3ಕ್ಕಾಗಿ ಕಾಯಬೇಡಿ. ವಿಶ್ವ ವಿಕಲಚೇತನರ ದಿನದಂದು ಸಮಾರಂಭದ ಸುದ್ದಿಯೇ ಪುಟ ತುಂಬುತ್ತದೆ. ಮುಂದೇನು ಓದಬೇಕೆಂದು ಮನೆಗಳಲ್ಲಿ ಚರ್ಚೆ ನಡೆಯುವುದು ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ವಾರಗಳಲ್ಲಿ. ವರದಿಗಾರರಿಗೆ ಅದಕ್ಕೂ ಮುಂಚೆಯೇ ಒಂದು ಪುಟದ ಟಿಪ್ಪಣಿ ಮತ್ತು ಕುಟುಂಬದ ಒಪ್ಪಿಗೆ ಪಡೆದ ಫೋಟೊ ಕಳಿಸಿ.

7. ಫೋನ್ ಎತ್ತುವವರು ಇರಲಿ. ಸುದ್ದಿ ಬಂದ ದಿನವೇ ಕರೆಗಳು ಬರುತ್ತವೆ. ಉತ್ತರಿಸದಿದ್ದರೆ ಆಸಕ್ತಿ ಅಲ್ಲಿಗೇ ಮುಗಿಯುತ್ತದೆ. ಕರೆ ಮಾಡಿದವರನ್ನು ಒಂದು ದಿನ ನಿಮ್ಮ ಪುನರ್ವಸತಿ ಕೇಂದ್ರಕ್ಕೆ ಕರೆಸಿ, ಮನೆ ಭೇಟಿಗೆ ಜೊತೆಯಲ್ಲಿ ಕರೆದೊಯ್ಯಿರಿ. ಕೆಲಸದ ಕಷ್ಟವನ್ನೂ ನೋಡಿ ಒಪ್ಪಿ ಬಂದವರೇ ಉಳಿಯುತ್ತಾರೆ.

ಸ್ಥಳೀಯ ಸಂಪಾದಕರಲ್ಲಿ, ಬಾನುಲಿಯ ಗೆಳೆಯರಲ್ಲಿ ನನ್ನದೊಂದು ವಿನಂತಿ: ಈ ಸಲದ ಫಲಿತಾಂಶದ ವಾರದಲ್ಲಿ ಎಂಜಿನಿಯರಿಂಗ್, ವೈದ್ಯಕೀಯದ ಮಾಹಿತಿಯ ಪಕ್ಕದಲ್ಲೇ ಈ ವೃತ್ತಿಗಳಿಗೂ ಅರ್ಧ ಕಾಲಂ, ಹತ್ತು ನಿಮಿಷ ಕೊಡಿ. ನಿಮ್ಮ ತಾಲ್ಲೂಕಿನಲ್ಲೇ ಅದಕ್ಕಾಗಿ ಕಾಯುತ್ತಿರುವ ಮನೆಗಳಿವೆ.