ಬಾರದ ಬಾಯಿಗಳ ಲೆಕ್ಕ

ಹಾನಗಲ್ಲ

ಮಗಳೇ,

ನಿನ್ನ ಪತ್ರ ಮುಟ್ಟಿತು. ನಮ್ಮ ಮನೆಯ ಹುಡುಗಿ ದಂತ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆಂದು ನಿಮ್ಮ ದೊಡ್ಡಮ್ಮ ಓಣಿಗೆಲ್ಲ ಹೇಳಿ ಬಂದಿದ್ದಾಳೆ. ಬಡ್ತಿಗೆ ಸಂಶೋಧನಾ ಪ್ರಬಂಧಗಳು ಬೇಕು, ಯಾವ ವಿಷಯ ಹಿಡಿಯಲಿ ಎಂದು ಕೇಳಿದ್ದೀ. ಹೊಸ ಸಿಮೆಂಟು, ಹೊಸ ಲೇಸರು ಅಂತ ಜೊತೆಯವರು ಹೇಳುತ್ತಿದ್ದಾರೆಂದೂ ಬರೆದಿದ್ದೀ. ಅವೂ ಬೇಕು. ಆದರೆ ಅವನ್ನು ಬೆಂಗಳೂರಿನಲ್ಲಿ, ಮಣಿಪಾಲದಲ್ಲಿ ಮಾಡುವವರು ಇದ್ದಾರೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನವರ ಬಾಯಿ ನೋಡಿ ಲೆಕ್ಕ ಇಡುವವರು ಬೇಕು. ಈ ಕೆಲಸ ನಿನ್ನದಾಗಲಿ ಎಂಬುದು ನನ್ನ ಆಸೆ.

ಬದುಕಿಡೀ ಸಮುದಾಯ ದಂತ ಆರೋಗ್ಯ ಕಲಿಸಿದವನು ನಾನು. ಆಗ ಮನಸ್ಸಿಗೆ ನಾಟಿದ ಒಂದು ಮಾತು ಹೇಳುತ್ತೇನೆ. ಕಾಲೇಜಿನ ಓಪಿಡಿಗೆ ಬಂದವರನ್ನು ಎಣಿಸಿ ಊರಿನ ಲೆಕ್ಕ ಬರೆಯಬಾರದು. 1979ರಲ್ಲಿ ದಾವಣಗೆರೆಯಲ್ಲಿ ಬಾಪೂಜಿ ದಂತ ಕಾಲೇಜು, 1986ರಲ್ಲಿ ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ದಂತ ಕಾಲೇಜು ಆದಮೇಲೆ ನಮ್ಮ ಕಡೆಯವರಿಗೆ ದೊಡ್ಡ ಆಸರೆ ಸಿಕ್ಕಿತು, ನಿಜ. ಆದರೂ ಹಿರೇಕೆರೂರಿನ ಕೂಲಿಯವಳು ಅಲ್ಲಿಗೆ ಹೋಗಬೇಕೆಂದರೆ ಒಂದು ದಿನದ ಕೂಲಿ ಬಿಡಬೇಕು, ಬಸ್ ಚಾರ್ಜು ಹೊಂದಿಸಬೇಕು, ಜೊತೆಗೊಬ್ಬರನ್ನು ಕರೆದೊಯ್ಯಬೇಕು. ಆಕೆ ಹೋಗುವುದು ನೋವು ತಡೆಯಲಾಗದಾಗ. ಬಾಯಿಯ ಕ್ಯಾನ್ಸರ್ ಮೊದಮೊದಲು ನೋಯುವುದೇ ಇಲ್ಲ. ಹಾಗಾಗಿ ನಿನ್ನ ಕುರ್ಚಿಗೆ ಬಂದು ಕೂತ ಬಾಯಿಗಿಂತ ಬಾರದ ಬಾಯಿಯೇ ನಿನ್ನ ವಿಷಯ.

ಇದು ನನ್ನ ಹೊಸ ಮಾತಲ್ಲ. 1960ರ ದಶಕದಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ದಂತ ಸಂಶೋಧನಾ ಘಟಕದ ಫಾಲಿ ಮೆಹ್ತಾ, ಕೋಪನ್‌ಹೇಗನ್ನಿನ ದಂತ ಕಾಲೇಜಿನ ಪ್ರಾಧ್ಯಾಪಕ ಯೆನ್ಸ್ ಪಿಂಡ್‌ಬೋರ್ಗ್ ಮತ್ತವರ ಸಂಗಡಿಗರು ಭಾರತದ ಐದು ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 50 ಸಾವಿರಕ್ಕೂ ಹೆಚ್ಚು ಜನರ ಬಾಯಿ ನೋಡಿದರು. ತಂಬಾಕನ್ನು ಬಳಸುವ ರೀತಿ ಬೇರೆಯಾದರೆ ಬಾಯಿಯಲ್ಲಿ ಕಾಣುವ ಗಾಯವೂ ಬೇರೆ ಎಂಬುದು ಅದರಿಂದ ಜಗತ್ತಿಗೆ ತಿಳಿಯಿತು. ಅವರು ಎಣಿಸಿ ಎದ್ದು ಹೋಗಲಿಲ್ಲ. ಮುಂದೆ 36 ಸಾವಿರ ತಂಬಾಕು ಬಳಕೆದಾರರಿಗೆ ಅದನ್ನು ಬಿಡುವಂತೆ ವರ್ಷ ವರ್ಷವೂ ತಿಳಿಹೇಳಿದರು. ಬಿಟ್ಟವರಲ್ಲಿ, ಕಡಿಮೆ ಮಾಡಿದವರಲ್ಲಿ ಬಾಯಿಯೊಳಗಿನ ಬಿಳಿಮಚ್ಚೆ ಇಳಿದದ್ದನ್ನು 1986ರಲ್ಲಿ ಪ್ರಕಟಿಸಿದರು. ಆ ಪ್ರಬಂಧ ಓದಿದಾಗಲೆಲ್ಲ ನನಗೆ ಬಲ ಬರುತ್ತದೆ. ಮಾತು ಹೇಳಿದ್ದರಿಂದ ರೋಗ ತಗ್ಗಿತು ಎಂದು ಅಂಕಿಯಲ್ಲಿ ತೋರಿಸುವುದು ಸಣ್ಣ ಸಾಧನೆಯಲ್ಲ.

ಇನ್ನು ಬಾಯಿ ಬಿಗಿಯುವ ರೋಗದ ವಿಚಾರ. ನೀನು ವಿದ್ಯಾರ್ಥಿಗಳಿಗೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತ ಹೇಳುತ್ತೀ, ನಮ್ಮ ಹುಡುಗರು ‘ಬಾಯಿ ತಗಿಯಾಕ ಬರವಲ್ದರೀ’ ಅನ್ನುತ್ತಾರೆ. 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ಪೂರ್ವ ಆಫ್ರಿಕಾದಲ್ಲಿ ನೆಲೆಸಿದ್ದ ಐವರು ಭಾರತೀಯ ಹೆಂಗಸರಲ್ಲಿ ಇದನ್ನು ಗುರುತಿಸಿದರು, ಮರುವರ್ಷವೇ ಮುಂಬೈಯ ಜೋಶಿಯವರು ನಮ್ಮಲ್ಲಿನ ರೋಗಿಗಳ ಬಗ್ಗೆ ಬರೆದರು. ಅಡಕೆಯಲ್ಲಿರುವ ಅರೆಕೊಲಿನ್ ಕೆನ್ನೆಯೊಳಗಿನ ನಾರುಕಣಗಳನ್ನು ಕೆರಳಿಸುತ್ತದೆ. ಅಡಕೆಯ ತಾಮ್ರವು ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ಬಲ ಕೊಟ್ಟು ಕೊಲಾಜೆನ್ ನಾರುಗಳನ್ನು ಒಂದಕ್ಕೊಂದು ಹೆಣೆಯುತ್ತದೆ. ಹೆಣೆದದ್ದು ಬಿಚ್ಚುವುದಿಲ್ಲ. ಮೂರು ಬೆರಳು ಹೋಗುತ್ತಿದ್ದ ಬಾಯಲ್ಲಿ ಎರಡು, ಆಮೇಲೆ ಒಂದು ಬೆರಳು ಹೋಗುವುದೂ ಕಷ್ಟ. ರೊಟ್ಟಿ ತುತ್ತು ಒಳಗೆ ಹೋಗದ ಇಪ್ಪತ್ತರ ಹುಡುಗನ ತಾಯಿ ಗಂಜಿ ಕಾಸುತ್ತಾಳೆ. ಎರ್ನಾಕುಳಂ ಜಿಲ್ಲೆಯಲ್ಲಿ ಇಂಥ 66 ಜನರನ್ನು 17 ವರ್ಷ ಹಿಂಬಾಲಿಸಿದಾಗ ಐವರಿಗೆ ಕ್ಯಾನ್ಸರ್ ಆಗಿತ್ತು. ಶೇ. 7.6 ಎಂದು ಪುಸ್ತಕಗಳಲ್ಲಿ ಬರುವ ಅಂಕಿ ಅಲ್ಲಿಯದೇ. 66 ಬಾಯಿ, 17 ವರ್ಷ! ಪ್ರತಿ ವರ್ಷ ಪ್ರಬಂಧ ಕೇಳುವ ಈ ಕಾಲದಲ್ಲಿ ಅಂಥ ತಾಳ್ಮೆ ನಿನಗೆ ಬರಲಿ ಎಂದು ಹರಸುತ್ತೇನೆ.

ಈ ರೋಗದ ಮೊದಲ ಸುಳಿವು ಖಾರ ತಡೆಯದಿರುವುದು. ಪಕ್ಕದ ಬ್ಯಾಡಗಿಯ ಮೆಣಸಿನಕಾಯಿ ಮನೆಮನೆಯಲ್ಲಿರುವ ಸೀಮೆ ನಮ್ಮದು. ಇಲ್ಲಿ ಒಬ್ಬ ಹುಡುಗ ರೊಟ್ಟಿ ಜೊತೆ ಕೆಂಪು ಖಾರ ಬಿಟ್ಟು ಬರೀ ಮೊಸರು ಕಲಸಿಕೊಳ್ಳುತ್ತಿದ್ದಾನೆಂದರೆ ಅದು ಅವನ ಅವ್ವನಿಗೆ ಡಾಕ್ಟರಿಗಿಂತ ಮೊದಲೇ ಗೊತ್ತು. ನಿನ್ನ ಪ್ರಶ್ನಾವಳಿಯಲ್ಲಿ ‘ಬಾಯಿಯಲ್ಲಿ ಉರಿಯ ಅನುಭವವಿದೆಯೇ’ ಎಂದು ಅಚ್ಚುಹಾಕಿ ಹೌದು, ಇಲ್ಲ ಎಂದು ಗೀಟು ಎಳೆಸಬೇಡ. ಮನೆಯಲ್ಲಿ ಯಾರಾದರೂ ಖಾರ ಬಿಟ್ಟಿದ್ದಾರೇನವ್ವಾ ಅಂತ ಕೇಳು. ಆ ಪ್ರಶ್ನೆ ಎಷ್ಟು ರೋಗಿಗಳನ್ನು ಸರಿಯಾಗಿ ಹಿಡಿಯುತ್ತದೆ, ಎಷ್ಟು ಜನರನ್ನು ಬಿಡುತ್ತದೆ ಎಂದು ಬಾಯಿ ಅಳೆದು ತಾಳೆ ನೋಡು. ಇದೇ ಒಂದು ಒಳ್ಳೆಯ ಅಧ್ಯಯನ.

ಸವಣೂರಿಗೆ ಹೋದಾಗ ಮಾತು ಹದವಾಗಿರಲಿ. ಅಲ್ಲಿ ಎಲೆತೋಟಗಳನ್ನು ನಂಬಿ ಬದುಕಿದ ಮನೆಗಳಿವೆ. ಹಾನಗಲ್ಲ, ಹಿರೇಕೆರೂರು ಕಡೆ ಭತ್ತ, ಜೋಳದ ಹೊಲಗಳೇ ಈಗ ಅಡಕೆ ತೋಟವಾಗುತ್ತಿವೆ. ನಿನ್ನ ಅಮ್ಮನ ಕಡೆಯ ಅಜ್ಜಿಯ ಚಂಚಿಯಲ್ಲಿ ಎಲೆ, ಅಡಕೆ, ಸುಣ್ಣ, ತಂಬಾಕು ಯಾವಾಗಲೂ ಇರುತ್ತಿದ್ದವು, ಮನೆಗೆ ಬಂದವರಿಗೆ ಅದೇ ಮೊದಲ ಮರ್ಯಾದೆ. 2003ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ತಜ್ಞರು ತಂಬಾಕು ಇರಲಿ ಬಿಡಲಿ ಎಲೆಅಡಕೆಯೂ, ಬರೀ ಅಡಕೆಯೂ ಮನುಷ್ಯನಿಗೆ ಕ್ಯಾನ್ಸರ್ ತರುತ್ತದೆ ಎಂದು ತೀರ್ಮಾನಿಸಿದರು. ಇದನ್ನು ಅಡಕೆ ಬೆಳೆಯುವವನ ಮುಂದೆ ಹೇಳಲು ಎದೆಗಾರಿಕೆ ಬೇಕು, ಕರುಣೆಯೂ ಬೇಕು. ಮುಚ್ಚಿಡಬೇಡ. ಅವನನ್ನು ಅಪರಾಧಿ ಮಾಡಿಯೂ ಮಾತಾಡಬೇಡ. ತಾಂಬೂಲ ಕೊಡುವ ಕೈಗೂ, ದಿನವಿಡೀ ಕೆನ್ನೆಯಲ್ಲಿ ಪೊಟ್ಟಣದ ಗುಟಕಾ ಒತ್ತಿಕೊಳ್ಳುವ ಚಟಕ್ಕೂ ಇರುವ ಅಂತರ ನಮ್ಮ ಜನಕ್ಕೆ ಗೊತ್ತಿದೆ. 2013ರಲ್ಲಿ ಕರ್ನಾಟಕ ಗುಟಕಾ ನಿಷೇಧಿಸಿತು. ಆದರೆ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಬಂದವು. ಅಂಗೈ ಮೇಲೆ ಎರಡೂ ಒಂದಾಗುತ್ತವೆ. ಶಿಗ್ಗಾವಿಯ ಬಸ್ ಸ್ಟ್ಯಾಂಡಿನಲ್ಲಿ ಒಂದು ಗಳಿಗೆ ನಿಂತು ನೋಡು, ತಿಳಿಯುತ್ತದೆ.

ಒಬ್ಬಳೇ ಇಷ್ಟನ್ನೆಲ್ಲ ಹೇಗೆ ಮಾಡಲಿ ಅನ್ನುತ್ತೀ. ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ನಡೆದ ದೊಡ್ಡ ಅಧ್ಯಯನದಲ್ಲಿ ಬಾಯಿ ನೋಡಿದವರು ಡಾಕ್ಟರರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು. ಬ್ಯಾಟರಿ ಬೆಳಕು ಮತ್ತು ಕಣ್ಣು, ಅಷ್ಟೇ. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಶೇ. 34ರಷ್ಟು ಇಳಿಯಿತೆಂದು 2005ರಲ್ಲಿ ವರದಿಯಾಯಿತು. ನಮ್ಮ ಆಶಾ ಕಾರ್ಯಕರ್ತೆಯರಿಗೆ ಯಾರ ಮನೆಯಲ್ಲಿ ಯಾರು ಏನು ಅಗಿಯುತ್ತಾರೆಂದು ಬೆರಳ ತುದಿಯಲ್ಲಿ ಗೊತ್ತು. ಸರ್ಕಾರದ ತಪಾಸಣೆಯಲ್ಲಿ 30 ದಾಟಿದವರ ಬಾಯಿ ನೋಡುವುದು ಸೇರಿದೆ. ಅಗಿಯಲು ಹೈಸ್ಕೂಲಿನಲ್ಲೇ ಕಲಿತ ಹುಡುಗನ ಬಾಯಿ 30ರೊಳಗೇ ಬಿಗಿದರೆ ಅವನು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅಲ್ಲಿಂದಲೇ ಶುರುಮಾಡು. ಜಿಲ್ಲೆಯೆಲ್ಲ ಬೇಡ, ನಾಲ್ಕು ತಾಲೂಕಿನಿಂದ ಒಂದೊಂದು ಹಳ್ಳಿ ಸಾಕು.

ಎಥಿಕ್ಸ್ ಕಮಿಟಿಯ ಒಪ್ಪಿಗೆ ಬರುವವರೆಗೆ ಯಾರ ಬಾಯಿಗೂ ಕೈ ಹಾಕಬೇಡ. ಒಪ್ಪಿಗೆ ಪತ್ರ ಓದಿ ಹೇಳಿಯೇ ಹೆಬ್ಬೆಟ್ಟು ಒತ್ತಿಸು. ಮಚ್ಚೆ ಕಂಡರೆ ಬರೆದುಕೊಂಡು ಹೋದರೆ ಸಾಲದು. ಆ ಮನುಷ್ಯ ಬಯಾಪ್ಸಿಗೆ ಯಾವ ದಿನ, ಯಾವ ಬಸ್ಸಿಗೆ, ಯಾರ ಹತ್ತಿರ ಬರಬೇಕೆಂಬುದನ್ನು ಮೊದಲೇ ಗೊತ್ತುಮಾಡಿರಬೇಕು. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚುಹಾಕುವ ಪತ್ರಿಕೆಗಳ ಕಡೆ ತಲೆ ಹಾಕಬೇಡ. ಪ್ರಬಂಧ ಇಂಗ್ಲಿಷಿನಲ್ಲಿ ಬರಲಿ, ಆದರೆ ಅದರ ಸಾರವನ್ನು ಕನ್ನಡದಲ್ಲಿ ಎರಡು ಪುಟ ಬರೆದು ಆ ಹಳ್ಳಿಯ ಪಂಚಾಯ್ತಿಯಲ್ಲಿ, ಹೈಸ್ಕೂಲಿನಲ್ಲಿ ನೀನೇ ನಿಂತು ಓದಬೇಕು. ಬಾಯಿ ತೆರೆದು ತೋರಿಸಿದವರಿಗೆ ನೀನು ಕಂಡದ್ದೇನೆಂದು ಕೇಳುವ ಹಕ್ಕಿದೆ.

ಪ್ರಶ್ನಾವಳಿಯ ಕರಡು ಆದ ಕೂಡಲೇ ನನಗೆ ಕಳಿಸು. ಇಲ್ಲಿ ಭತ್ತದ ಕಳೆ ತೆಗೆಯಲು ಬರುವ ಹೆಂಗಸರಿಗೆ ಓದಿ ಹೇಳುತ್ತೇನೆ, ಅವರಿಗೆ ಅರ್ಥವಾಗದ ಪ್ರಶ್ನೆಗಳಿಗೆ ಗುರುತು ಹಾಕಿ ವಾಪಸ್ ಕಳಿಸುತ್ತೇನೆ. ಕಡ್ಡಿಪುಡಿ, ತಂಬಾಕು, ಎಲೆಅಡಕೆ, ಪೊಟ್ಟಣ ಇವಕ್ಕೆ ಬೇರೆಬೇರೆ ಕಾಲಂ ಇರಲಿ. ದೀಪಾವಳಿಗೆ ಬಂದಾಗ ಮೊದಲ ಹಳ್ಳಿ ಯಾವುದೆಂದು ಇಬ್ಬರೂ ಕೂತು ಆರಿಸೋಣ.

ಇಂತಿ,
ನಿನ್ನ ದೊಡ್ಡಪ್ಪ